ಸಂಗಮದ ಏರು, ಹದಿನೇಳರ ಮಗ್ಗಿ

ಸೈಕಲ್ ತುಳಿದು ಬೆಟ್ಟ ಹತ್ತಬೇಕು ಎಂದುಕೊಂಡ ಬೆಂಗಳೂರಿನವರು ಸಾಮಾನ್ಯವಾಗಿ ಉತ್ತರಕ್ಕೆ ಹೋಗುತ್ತಾರೆ, ನಂದಿಬೆಟ್ಟಕ್ಕೆ. ಅದರ ಎತ್ತರ 1478 ಮೀಟರ್. ಭಾನುವಾರ ಬೆಳಗಿನ ಜಾವ ಅಲ್ಲಿ ಸೈಕಲ್ ಸವಾರರು ಸಾಲುಗಟ್ಟಿ ತಿರುವುಗಳನ್ನು ಹತ್ತುತ್ತಿರುತ್ತಾರೆ. ನಂದಿಯಲ್ಲಿ ಒಂದು ಅನುಕೂಲ ಇದೆ. ಕಷ್ಟ ಮೊದಲು, ಸುಖ ಆಮೇಲೆ. ಹತ್ತಲು ಆಗದಿದ್ದರೆ ಎಲ್ಲಿಂದ ಬೇಕಾದರೂ ಹಿಂದಕ್ಕೆ ತಿರುಗಿಸಿ ಇಳಿದುಬಿಡಬಹುದು.

ಜಯನಗರ, ಜೆ.ಪಿ. ನಗರ, ಬನಶಂಕರಿಯ ನಮ್ಮಂಥ ದಕ್ಷಿಣದವರಿಗೆ ಇರುವುದು ಕನಕಪುರ ರಸ್ತೆ. ಕನಕಪುರ, ದೊಡ್ಡಾಲಹಳ್ಳಿ ದಾಟಿ ಮುಂದೆ ಹೋದರೆ ಅದು ನಮ್ಮನ್ನು ಸಂಗಮದ ಹೊಳೆಯ ದಡದಲ್ಲಿ ಬಿಡುತ್ತದೆ. ಇಲ್ಲಿ ಲೆಕ್ಕ ತಲೆಕೆಳಗು. ಹೋಗುವಾಗ ಇಳಿಜಾರು, ತಣ್ಣನೆಯ ಗಾಳಿ, ಪೆಡಲ್ ತುಳಿಯುವುದೂ ಬೇಡ. ಬರುವಾಗ, ಬಿಸಿಲೇರಿದ ಮೇಲೆ, ಇಳಿದದ್ದನ್ನೆಲ್ಲ ಹತ್ತಬೇಕು. ಬ್ಯಾಂಕಿನಲ್ಲಿ 37 ವರ್ಷ ಗುಮಾಸ್ತನಾಗಿದ್ದವನು ನಾನು. ನನ್ನ ಕಣ್ಣಿಗೆ ಅದು ಥೇಟ್ ಸಾಲದ ಹಾಗೆ ಕಂಡಿತು. ದುಡ್ಡು ಮೊದಲು ಕೈಗೆ ಬರುತ್ತದೆ, ಕಂತು ಆಮೇಲೆ ಶುರುವಾಗುತ್ತದೆ.

ಒಂದು ತಮಾಷೆ ನೋಡಿ ಮಕ್ಕಳೇ. ಸಂಗಮದಲ್ಲಿ ಕಾವೇರಿಗೆ ಬಂದು ಸೇರುವ ಹೊಳೆ ಅರ್ಕಾವತಿ. ಅದು ಹುಟ್ಟುವುದು ಅದೇ ನಂದಿಬೆಟ್ಟದಲ್ಲಿ. ಅಲ್ಲಿಂದ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ಎಂದು ಊರೂರು ಸುತ್ತಿ ಇಲ್ಲಿ ಬಂದು ಮುಗಿಯುತ್ತದೆ. ನಮ್ಮ ತಂದೆಯ ಕಾಲಕ್ಕೆ ಬೆಂಗಳೂರು ಕುಡಿದ ನೀರೆಲ್ಲ ಹೆಚ್ಚುಕಡಿಮೆ ಅರ್ಕಾವತಿಯದೇ. ತಿಪ್ಪಗೊಂಡನಹಳ್ಳಿ ಜಲಾಶಯದಿಂದ ನಗರಕ್ಕೆ ನೀರು ಬಂದದ್ದು 1933ರಲ್ಲಿ. ಉತ್ತರದ ಸೈಕಲ್ ಸವಾರರು ಹತ್ತುವುದು ಹೊಳೆಯ ತಲೆಗೆ, ನಾವು ಇಳಿಯುವುದು ಅದರ ಪಾದಕ್ಕೆ.

ಸಂಗಮದಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿ ಮೇಕೆದಾಟು. ಅಷ್ಟು ದೊಡ್ಡ ಕಾವೇರಿ ಅಲ್ಲಿ ಬಂಡೆಗಳ ನಡುವಿನ ಒಂದು ಸೀಳಿನೊಳಗೆ ಮೈ ಕಿರಿದು ಮಾಡಿಕೊಂಡು ನುಗ್ಗುತ್ತಾಳೆ. ಹುಲಿ ಅಟ್ಟಿಸಿಕೊಂಡು ಬಂದಾಗ ಒಂದು ಮೇಕೆ ಈ ದಡದಿಂದ ಆ ದಡಕ್ಕೆ ನೆಗೆಯಿತಂತೆ, ಅದಕ್ಕೇ ಆ ಹೆಸರು. ನೀರು ಬೆಣಚುಕಲ್ಲುಗಳನ್ನು ಸುತ್ತಿಸಿ ಸುತ್ತಿಸಿ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕೊರೆದಿದೆ. ಅಜ್ಜಿಯಂದಿರು ನೋಡಿದರೆ ದೋಸೆಹಿಟ್ಟು ರುಬ್ಬಲು ಕೂತುಬಿಟ್ಟಾರು, ಅಷ್ಟು ನಯ. ಆದರೆ ನೀರಿಗೆ ಇಳಿಯಬೇಡಿ. ಸಂಗಮದಲ್ಲೂ ಮೇಕೆದಾಟುವಿನಲ್ಲೂ ಈಜಲು ಹೋಗಿ ಜೀವ ಕಳೆದುಕೊಂಡವರು ಬಹಳ. ಮೇಲೆ ಶಾಂತವಾಗಿ ಕಾಣುವ ನೀರಿನಡಿ ಸುಳಿ ಇರುತ್ತದೆ, ಮೊಸಳೆಯೂ ಇರುತ್ತದೆ.

ನನ್ನ ಮೊಮ್ಮಗಳು, ಎಂಟನೇ ತರಗತಿಯವಳು, ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಅಮೆರಿಕದ ಯೂಟಾ ರಾಜ್ಯದ ಒಂದು ವಿಡಿಯೋವನ್ನು ಅವಳು ನನಗೆ ತೋರಿಸಿದ್ದಳು. ಕ್ಯಾನ್ಯನ್‌ಲ್ಯಾಂಡ್ಸ್ ಎಂಬ ರಾಷ್ಟ್ರೀಯ ಉದ್ಯಾನ. ಮರುಭೂಮಿಯಲ್ಲಿ ಕೆಂಪು ಮರಳುಗಲ್ಲಿನ ಗೋಡೆಗಳು, ಆ ಗೋಡೆಯ ಮೈಮೇಲೆ ಗೀಚಿದಂತೆ ಒಂದು ಮಣ್ಣುದಾರಿ. ಶೇಫರ್ ಟ್ರೇಲ್ ಅಂತ ಅದರ ಹೆಸರು. ಮೊದಲು ಅಲ್ಲಿನ ಮೂಲನಿವಾಸಿಗಳು ನಡೆದ ದಾರಿ, ಆಮೇಲೆ ದನ ಹೊಡೆಯುವ ದಾರಿ. 1950ರ ದಶಕದಲ್ಲಿ ಯುರೇನಿಯಂ ಅದಿರಿನ ಲಾರಿಗಳಿಗಾಗಿ ಅಗಲ ಮಾಡಿದರು. ಈಗ ಸೈಕಲ್‌ನವರು ಅದನ್ನು ಹತ್ತಲು ದೂರದೂರದಿಂದ ಬರುತ್ತಾರೆ. ಅಲ್ಲೂ ಎರಡು ನದಿಗಳ ಸಂಗಮ ಇದೆ, ಕೊಲರಾಡೊ ಮತ್ತು ಗ್ರೀನ್. "ತಾತ, ನಮ್ಮ ಸಂಗಮದಲ್ಲೂ ಹಿಂಗೇ ಹತ್ತಬಹುದಲ್ವಾ?" ಎಂದು ಕೇಳಿದವಳು ಅವಳು. ಅಲ್ಲಿನಷ್ಟು ಎತ್ತರದ ಗೋಡೆ ನಮಗಿಲ್ಲ ನಿಜ. ಆದರೆ ಕಲ್ಲಿನ ವಯಸ್ಸಿನಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ನಮ್ಮ ಲಾಲ್‌ಬಾಗಿನ ಬಂಡೆಗೇ ಸುಮಾರು 300 ಕೋಟಿ ವರ್ಷ. ಯೂಟಾದ ಮರಳುಗಲ್ಲು ಅದರ ಮುಂದೆ ಮರಿಮಗು.

ಇನ್ನು ಸೈಕಲ್ ವಿಚಾರ. ಅಂಥ ದಾರಿಗೆಂದೇ ಮಾಡಿದ ಸೈಕಲ್‌ಗೆ ಗ್ರಾವೆಲ್ ಬೈಕ್ ಎನ್ನುತ್ತಾರೆ. ನಾನು ಅದನ್ನು ಜಲ್ಲಿ ಸೈಕಲ್ ಎನ್ನುತ್ತೇನೆ, ಮನೆಯಲ್ಲಿ ಈಗ ಅದೇ ಹೆಸರು ನಿಂತಿದೆ. ರೇಸ್ ಸೈಕಲ್‌ನಂತೆ ಬಾಗಿದ ಹ್ಯಾಂಡಲ್, ಆದರೆ ಟೈರ್ 40 ಮಿಲಿಮೀಟರ್ ಅಗಲ. ಗಾಳಿಯನ್ನು ಗಟ್ಟಿಯಾಗಿ ತುಂಬುವುದಿಲ್ಲ. ಟೈರ್ ಸ್ವಲ್ಪ ಮೆತ್ತಗಿದ್ದರೆ ಸಣ್ಣ ಕಲ್ಲನ್ನು ಅದೇ ನುಂಗಿಕೊಂಡು ಹೋಗುತ್ತದೆ, ಗಟ್ಟಿಯಾಗಿದ್ದರೆ ಪ್ರತಿ ಕಲ್ಲಿನ ಮೇಲೂ ಪುಟಿಯುತ್ತದೆ. ಯಾರೋ ಎರಡು ವರ್ಷ ಓಡಿಸಿ ಮಾರಿದ್ದನ್ನು ನನ್ನ ಮಗ ನನಗೆ ತಂದುಕೊಟ್ಟಿದ್ದ. ತಂದುಕೊಟ್ಟಾಗ ಅವನಿಗೆ ಮುಂದಿನ ಕಥೆ ಗೊತ್ತಿರಲಿಲ್ಲ ಅನ್ನಿ.

ಗೇರಿನ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ ಪುಟ್ಟಿಗೆ ತೋರಿಸಿದೆ, ನಿಮಗೂ ತೋರಿಸುತ್ತೇನೆ. ನಾನು ಕೆಲಸಕ್ಕೆ ಹೋಗುತ್ತಿದ್ದ ಹಳೆಯ ಸೈಕಲ್‌ನಲ್ಲಿ ಪೆಡಲ್ ಹತ್ತಿರದ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು, ಅಂದರೆ ಐದೂಕಾಲು ಮೀಟರಿಗಿಂತ ಹೆಚ್ಚು ಮುಂದೆ. ಜಲ್ಲಿ ಸೈಕಲ್‌ನ ಅತಿ ಹಗುರ ಗೇರಿನಲ್ಲಿ ಮುಂದೆ 30 ಹಲ್ಲು, ಹಿಂದೆ 36. ಪೆಡಲ್ ಪೂರ್ತಿ ಒಂದು ಸುತ್ತು ಬಂದರೂ ಗಾಲಿ ಒಂದು ಸುತ್ತೂ ತಿರುಗುವುದಿಲ್ಲ, ದಾರಿ ಸಾಗುವುದು ಸುಮಾರು 1.8 ಮೀಟರ್. ಅಂದರೆ ಅದೇ ದೂರಕ್ಕೆ ಮೂರು ಪಟ್ಟು ಹೆಚ್ಚು ತುಳಿಯಬೇಕು, ಆದರೆ ಪ್ರತಿ ತುಳಿತದ ಭಾರ ಮೂರನೇ ಒಂದು ಭಾಗ. ಸಾಲ ಕಡಿಮೆಯಾಗಲಿಲ್ಲ, ಕಂತು ಸಣ್ಣದಾಯಿತು, ಅವಧಿ ಉದ್ದವಾಯಿತು. ಮುದುಕರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವ ಬ್ಯಾಂಕೂ ಕೊಡಲಾರದು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರೂವರೆ ಕಿಲೋಮೀಟರ್. "ಇರುವೆ ಓವರ್‌ಟೇಕ್ ಮಾಡತ್ತೆ ತಾತ" ಅಂದಳು. ಮಾಡಲಿ ಬಿಡಿ. ಗೇರು ಬದಲಿಸುವ ಸಾಧನಕ್ಕೆ ಟೂರ್ ಡಿ ಫ್ರಾನ್ಸ್‌ನಂಥ ದೊಡ್ಡ ಸ್ಪರ್ಧೆಯಲ್ಲೇ 1937ರವರೆಗೆ ಅನುಮತಿ ಇರಲಿಲ್ಲ. ಆಗಿನವರು ಏರು ಬಂದಾಗ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ಅದನ್ನು ಕೇಳಿದ ಮೇಲೆ ನನ್ನ ಇರುವೆ ನಡಿಗೆಯ ಬಗ್ಗೆ ನಾಚಿಕೆ ಉಳಿಯಲಿಲ್ಲ.

ಈಗ ಮುಖ್ಯ ಸಂಗತಿ. ನನಗೆ ವಯಸ್ಸು 73. ಎರಡು ವರ್ಷದ ಹಿಂದೆ ಹೃದಯದ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಅಂದು ಸಂಜೆ ಎದೆ ಹಿಂಡಿದಂತಾದಾಗ ಮನೆಯಲ್ಲಿದ್ದದ್ದು ನಾನು ಮತ್ತು ಪುಟ್ಟಿ ಇಬ್ಬರೇ. ಹನ್ನೊಂದು ವರ್ಷದ ಹುಡುಗಿ ಅಪ್ಪನಿಗೆ ಫೋನ್ ಮಾಡಿ, ಎದುರುಮನೆಯವರನ್ನು ಕರೆದು, ಅವರ ಕಾರು ಗೇಟಿಗೆ ಬರುವವರೆಗೆ ನನ್ನ ಕೈ ಹಿಡಿದು ಕೂತಿದ್ದಳು. ಅಳಲಿಲ್ಲ. ನಾನು ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ ಮಾತ್ರ ಅವಳಿಗೆ ಒಂದು ಅಭ್ಯಾಸ ಹತ್ತಿತು. ರಾತ್ರಿ ನೀರು ಕುಡಿಯುವ ನೆಪದಲ್ಲಿ ಎದ್ದು ನನ್ನ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುವುದು. ನಾನು ನಿದ್ದೆ ಬಂದವನಂತೆ ಮಲಗಿರುತ್ತಿದ್ದೆ, ಅವಳಿಗೆ ಕೇಳಲಿ ಎಂದು ಉಸಿರನ್ನು ಸ್ವಲ್ಪ ಜೋರಾಗಿ ಎಳೆಯುತ್ತಾ.

ಉಳಿದವರಿಗೂ ನಾನು ಗಾಜಿನ ಪಾತ್ರೆಯಾಗಿಬಿಟ್ಟಿದ್ದೆ. ನಾಲ್ಕನೇ ಬ್ಲಾಕಿಗೆ ಹೋಗಿ ಒಂದು ಕಟ್ಟು ಸೊಪ್ಪು ತರುವುದಕ್ಕೂ ಜೊತೆಗೆ ಒಬ್ಬರು. ಸೈಕಲ್‌ಗೆ ಮಗ ಹಳೆಯ ಬೆಡ್‌ಶೀಟ್ ಹೊದಿಸಿ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದ.

ಒಂದು ವರ್ಷದ ಮೇಲೆ ಹೃದಯದ ಡಾಕ್ಟರರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ನಿಧಾನವಾಗಿ ಸೈಕಲ್ ತುಳಿಯಬಹುದು ಎಂದರು. ಎಷ್ಟು ನಿಧಾನ ಎಂದು ಕೇಳಿದೆ. ಅವರು ಹೇಳಿದ ಅಳತೆ ಬಹಳ ಸರಳ. ವ್ಯಾಯಾಮ ಮಾಡುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಸರಿಯಾದ ಮಟ್ಟ. ಮಾತೇ ತುಂಡಾಗುತ್ತಿದ್ದರೆ ಹೆಚ್ಚಾಯಿತು, ಇಳಿಸಿ. ಎದೆ, ದವಡೆ, ಎಡತೋಳು ಎಲ್ಲಾದರೂ ನೋವು, ತಲೆಸುತ್ತು ಬಂದರೆ ಪೂರ್ತಿ ನಿಲ್ಲಿಸಿ. ನಾಲಿಗೆಯಡಿ ಇಡುವ ಮಾತ್ರೆ ಜೇಬಿನಲ್ಲೇ ಇರಲಿ. ನನ್ನ ವಯಸ್ಸಿನ ಓದುಗರು ಯಾರಾದರೂ ಹುರುಪಿನಲ್ಲಿ ಸೈಕಲ್ ಹೊರಗೆ ತೆಗೆಯುವ ಮೊದಲು ತಮ್ಮ ಡಾಕ್ಟರರನ್ನು ಕೇಳಲೇಬೇಕು. ನನಗೆ ಹೇಳಿದ್ದು ನನ್ನ ಹೃದಯಕ್ಕೆ ಮಾತ್ರ.

ಪುಟ್ಟಿ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಮನೆಗೆ ಬಂದ ಮೇಲೆ, "ಸುಮ್ಮನೆ ಮಾತಾಡೋದಾದ್ರೆ ನೀವು ಚೆನ್ನಾಗಿದೀನಿ ಅಂತ ಸುಳ್ಳು ಹೇಳ್ತೀರ ತಾತ. ಮಗ್ಗಿ ಹೇಳಬೇಕು" ಎಂದು ತೀರ್ಮಾನ ಕೊಟ್ಟಳು. ನಮ್ಮ ಕಾಲದಲ್ಲಿ ಇಪ್ಪತ್ತರವರೆಗಿನ ಮಗ್ಗಿ, ಅದರ ಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಎಲ್ಲವನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಹಾಗಾಗಿ ಸುಲಭದ್ದು ಬೇಡವೆಂದು ಅವಳೇ ಹದಿನೇಳನ್ನು ಆರಿಸಿದಳು. ಏರಿನಲ್ಲಿ ಅವಳು ಕೇಳಿದಾಗಲೆಲ್ಲ ಹದಿನೇಳರ ಮಗ್ಗಿ ಹೇಳಬೇಕು. ಸಾಲು ಮುಗಿದ ಮೇಲೆ ಉಸಿರು ಎಳೆದುಕೊಳ್ಳಬಹುದು, ಸಾಲಿನ ನಡುವೆ ಉಸಿರು ತುಂಡಾಗಬಾರದು. ತುಂಡಾದರೆ ಇಳಿಯಬೇಕು, ಚರ್ಚೆ ಇಲ್ಲ.

ಮೂರು ತಿಂಗಳು ಅಭ್ಯಾಸ ಮಾಡಿದೆವು. ಬೆಳಗ್ಗೆ ಬೇಗ ಎದ್ದು ಸಾರಕ್ಕಿ ಕೆರೆಯ ಕಡೆ, ರಾಗಿಗುಡ್ಡದ ಸುತ್ತಿನ ಏರಿಳಿತ, ಕೆಲವು ಭಾನುವಾರ ತುರಹಳ್ಳಿಯ ಕಡೆಯ ಮಣ್ಣುದಾರಿ. ಬೆಳಗಿನ ವಾಕಿಂಗ್‌ನವರು, ಮುದುಕನೊಬ್ಬ ಸೈಕಲ್ ತುಳಿಯುತ್ತಾ ಮಗ್ಗಿ ಒಪ್ಪಿಸುವುದನ್ನು ನಿಂತು ನೋಡುತ್ತಿದ್ದರು. ಅಷ್ಟರಲ್ಲಿ ಪುಟ್ಟಿಗೂ ಹದಿನೇಳರ ಮಗ್ಗಿ ಬಂದುಬಿಟ್ಟಿತ್ತು.

ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಹೊರಟೆವು. ಮನೆಯಾಕೆ ಪುಳಿಯೋಗರೆ, ಮೊಸರನ್ನ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಕಟ್ಟಿಕೊಟ್ಟು, "ಅವಳು ಇಳೀರಿ ಅಂದ್ರೆ ಇಳೀಬೇಕು, ತಿಳೀತಾ?" ಎಂದು ನನಗೆ ಹೇಳಿದಳು. ಮಗ ಕಾರಿನ ಹಿಂದೆ ಎರಡೂ ಸೈಕಲ್ ಕಟ್ಟಿಕೊಂಡು ದೊಡ್ಡಾಲಹಳ್ಳಿಯವರೆಗೆ ತಂದ. ಷರತ್ತು ಏನೆಂದರೆ, ಹತ್ತುವಾಗ ಅವನು ಕಾರಿನಲ್ಲಿ ಸ್ವಲ್ಪ ಮುಂದೆ ಹೋಗಿ ನಿಂತಿರುತ್ತಾನೆ, ನಾವು ಬಂದು ಮುಟ್ಟಿದ ಮೇಲೆ ಮತ್ತೆ ಮುಂದೆ.

ಇಳಿಯುವಾಗಿನ ಸುಖವನ್ನು ಹೆಚ್ಚು ವರ್ಣಿಸುವುದಿಲ್ಲ, ಇಳಿಜಾರು ಎಲ್ಲ ಕಡೆ ಒಂದೇ. ಆದರೆ ಊರೊಳಗೆ ರೈತರು ರಾಗಿ, ಹುರುಳಿಯನ್ನು ರಸ್ತೆಯ ಮೇಲೇ ಹಾಸಿರುತ್ತಾರೆ, ಬಸ್ಸು ಲಾರಿಗಳ ಗಾಲಿಯೇ ಒಕ್ಕಣೆ ಮಾಡಿಕೊಡುತ್ತದೆ. ಸೈಕಲ್‌ನವರು ಅದರ ಮೇಲೆ ಹೋಗಬಾರದು. ಹುರುಳಿ ಬಳ್ಳಿ ಹಿಂದಿನ ಹಲ್ಲಿನ ಚಕ್ರಗಳಿಗೆ ಸುತ್ತಿಕೊಂಡು ಚೈನು ಸಿಕ್ಕಿಬೀಳುತ್ತದೆ. ಪುಟ್ಟಿಯದು ಸಿಕ್ಕಿಬಿತ್ತು. ಕಣದಲ್ಲಿದ್ದ ಒಬ್ಬ ಅಜ್ಜಿ ನಗುತ್ತಾ ಬಂದು ಕುಡುಗೋಲಿನ ತುದಿಯಿಂದ ಬಿಡಿಸಿಕೊಟ್ಟರು. ಮುಂದೆ ಹೊಲ ಮುಗಿದು ಕುರುಚಲು ಕಾಡು, ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ. ಆ ತಿಂಗಳಲ್ಲಿ ಎಲೆ ಉದುರಿದ ಮರಗಳು, ಬೂದುಬಣ್ಣದ ಪೊದೆ, ಕಾದ ಬಂಡೆ. ಪುಟ್ಟಿಯ ಯೂಟಾವನ್ನು ನೆನೆಸಿಕೊಳ್ಳಲು ಅಷ್ಟು ಸಾಕಾಗಿತ್ತು. ಆನೆಗಳಿರುವ ಕಾಡು, ಹಾಗಾಗಿ ಹೊತ್ತು ಚೆನ್ನಾಗಿ ಏರಿದ ಮೇಲೆಯೇ ನಾವು ಒಳಹೊಕ್ಕದ್ದು.

ಸಂಗಮದಲ್ಲಿ ಸೈಕಲ್‌ಗಳನ್ನು ಮಗನ ಕಾವಲಿಗೆ ಬಿಟ್ಟು, ತೆಪ್ಪದಲ್ಲಿ ಅರ್ಕಾವತಿ ದಾಟಿ, ಆಚೆ ದಡದ ಹಳೇ ಬಸ್ಸಿನಲ್ಲಿ ಮೇಕೆದಾಟು ನೋಡಿ ಬಂದೆವು. ಆ ಬಸ್ಸಿನಲ್ಲಿ ಕೂತರೆ ಸೈಕಲ್ಲೇ ಮೆತ್ತಗೆ ಅನ್ನಿಸುತ್ತದೆ. ಪುಳಿಯೋಗರೆಯನ್ನು ಅರ್ಧ ಹೊಟ್ಟೆ ತಿಂದು, ಒಂದು ಗಂಟೆ ಹೊಂಗೆ ಮರದ ನೆರಳಲ್ಲಿ ಕೂತು, ಏರು ಶುರು ಮಾಡಿದೆವು.

ಮೊದಲ ತಿರುವುಗಳು ಡಾಂಬರಿನವು. ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ತನಾಲ್ಕು. ಹತ್ತರವರೆಗೆ ಸಲೀಸಾಗಿ ಹೋಯಿತು. ಎರಡು ಸಲ ಕಾರನ್ನು ಮುಟ್ಟಿದೆವು. ಮಗ ಕಿಟಕಿಯಿಂದ ನನ್ನ ಮುಖ ನೋಡಿ, ಪುಟ್ಟಿಯ ಮುಖ ನೋಡಿ, ಏನೂ ಕೇಳದೆ ಮುಂದೆ ಹೋದ. ಮೂರನೇ ಸಲ ಕಾರು ಕಣ್ಮರೆಯಾದ ಮೇಲೆ ಡಾಂಬರು ಮುಗಿಯಿತು. ಅಲ್ಲಿ ರಸ್ತೆಯನ್ನು ಹೊಸದಾಗಿ ಹಾಕಲು ಕಿತ್ತಿದ್ದರು. ಬರುವಾಗ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಜಾರಿಕೊಂಡು ಬಂದಿದ್ದ ಜಾಗವೇ. ಈಗ ಎದುರಿಗೆ ನಿಂತಾಗ ಅದು ಜಲ್ಲಿ ಸುರಿದ ಗೋಡೆಯಂತೆ ಕಂಡಿತು. ಜಲ್ಲಿ ಸೈಕಲ್ ಕೊಂಡದ್ದು ಯಾಕೆ ಎಂದು ಕೇಳುತ್ತಿದ್ದವರು ಆಗ ಅಲ್ಲಿರಬೇಕಿತ್ತು.

ಜಲ್ಲಿಯ ಮೇಲಿನ ಏರಿಗೆ ಅದರದೇ ಒಂದು ಶಾಸ್ತ್ರ ಇದೆ. ಡಾಂಬರಿನಲ್ಲಿ ಕಷ್ಟವಾದರೆ ಎದ್ದು ನಿಂತು ಮೈಭಾರ ಹಾಕಿ ತುಳಿಯಬಹುದು. ಇಲ್ಲಿ ಎದ್ದು ನಿಂತರೆ ಹಿಂದಿನ ಗಾಲಿಯ ಮೇಲಿನ ಭಾರ ತಪ್ಪಿ ಅದು ಇದ್ದಲ್ಲೇ ಗಿರಗಿರನೆ ತಿರುಗಿ ಜಲ್ಲಿಯನ್ನು ಹಿಂದಕ್ಕೆ ಚೆಲ್ಲುತ್ತದೆ. ಮುಂದಕ್ಕೆ ಹೆಚ್ಚು ಬಗ್ಗಿದರೂ ಅಷ್ಟೆ. ಹಿಂದಕ್ಕೆ ವಾಲಿದರೆ ಮುಂದಿನ ಗಾಲಿ ಎತ್ತಿಕೊಳ್ಳುತ್ತದೆ. ಹಾಗಾಗಿ ಸೀಟಿನ ಮುಂದಿನ ತುದಿಗೆ ಸರಿದು ಕೂತು, ಮೊಣಕೈ ಬಗ್ಗಿಸಿ, ಹ್ಯಾಂಡಲನ್ನು ಕೋಳಿಮರಿ ಹಿಡಿದ ಹಾಗೆ ಹಿಡಿಯಬೇಕು. ಬಿಡಬಾರದು, ಹಿಸುಕಲೂಬಾರದು. ಎದುರಿನ ಕಲ್ಲನ್ನು ನೋಡಬಾರದು. ನೋಡಿದ ಕಲ್ಲಿಗೇ ಗಾಲಿ ಹೋಗುತ್ತದೆ. ಲಾರಿಯ ಚಕ್ರ ಹಾದು ಜಲ್ಲಿ ಒತ್ತಿಕೊಂಡಿರುವ ಪಟ್ಟಿಯನ್ನು ಸ್ವಲ್ಪ ದೂರಕ್ಕೇ ಗುರುತಿಸಿ ಅದನ್ನೇ ಹಿಡಿದು ಹೋಗಬೇಕು. ಎಲ್ಲಕ್ಕಿಂತ ಮುಖ್ಯ, ತುಳಿತದಲ್ಲಿ ಎಳೆತ ಇರಬಾರದು, ಗಾಣ ತಿರುಗಿದ ಹಾಗೆ ಒಂದೇ ಸಮ ಇರಬೇಕು.

ಒಂದೇ ಸಮ ತುಳಿದೆ. ತಿರುವು ಕಾಣುತ್ತಿತ್ತು, ಅದರಾಚೆ ಒಂದು ಬಿಳಿ ಬಂಡೆ. ಟೈರಿನಡಿ ಜಲ್ಲಿ ಕರಕರ ಎನ್ನುವುದು ಬಿಟ್ಟರೆ ಇಡೀ ಕಣಿವೆಯಲ್ಲಿ ಸದ್ದಿಲ್ಲ. "ಮಗ್ಗಿ" ಎಂದಳು ಪುಟ್ಟಿ ಹಿಂದಿನಿಂದ. ಶುರು ಮಾಡಿದೆ. ಹದಿನೇಳೈದ್ಲಿ ಎಂಬತ್ತೈದು. ಹದಿನೇಳಾರ್ಲಿ ನೂರಾ ಎರಡು. ಹದಿನೇಳೇಳ್ಲಿ ನೂರಾ… ಉಸಿರು ಅಲ್ಲಿ ತುಂಡಾಯಿತು. ಹತ್ತೊಂಬತ್ತು ಎಂಬುದು ಮುಂದಿನ ಉಸಿರಿಗೆ ಬಂತು.

"ಇಳೀರಿ ತಾತ."

ಬಿಳಿ ಬಂಡೆ ಮೂವತ್ತು ಮೀಟರ್ ಇದ್ದೀತು. ನನ್ನ ಲೆಕ್ಕದಲ್ಲಿ ಹದಿನೇಳು ಸುತ್ತು ಪೆಡಲ್, ಬೇಕಿದ್ದರೆ ನೀವೂ ಭಾಗಿಸಿ ನೋಡಿ. ಎದೆಯಲ್ಲಿ ನೋವಿಲ್ಲ, ಕಾಲಲ್ಲಿ ಶಕ್ತಿ ಇದೆ. ಜಲ್ಲಿಯ ಏರಿನಲ್ಲಿ ಒಮ್ಮೆ ಇಳಿದರೆ ಮತ್ತೆ ಹತ್ತಿ ಹೊರಡುವುದು ಎಷ್ಟು ಕಷ್ಟ ಎಂದು ಸೈಕಲ್ ತುಳಿದವರಿಗೆ ಗೊತ್ತು. "ಆ ಬಂಡೆ…" ಎಂದೆ. ಉತ್ತರ ಬರಲಿಲ್ಲ. ಹಿಂದಿನ ಕರಕರ ಸದ್ದು ನಿಂತುಹೋಯಿತು. ಅವಳು ವಾದ ಮಾಡಲಿಲ್ಲ, ತನ್ನ ಸೈಕಲ್‌ನಿಂದ ಇಳಿದು ನಿಂತುಬಿಟ್ಟಿದ್ದಳು. ಆನೆಯ ಕಾಡಿನಲ್ಲಿ ಮೊಮ್ಮಗಳನ್ನು ಹಿಂದೆ ಬಿಟ್ಟು ಯಾವ ತಾತ ಮುಂದೆ ಹೋದಾನು? ಕ್ಯಾಶ್ ಕೌಂಟರಿನಲ್ಲಿ ಅಷ್ಟು ವರ್ಷ ಕೂತ ನನಗೆ ಗೊತ್ತಿದೆ, ಆಗುವುದಿಲ್ಲ ಎಂದು ಪೆನ್ನು ಕೆಳಗಿಟ್ಟ ಗುಮಾಸ್ತನನ್ನು ಯಾರೂ ಅಲ್ಲಾಡಿಸಲಾರರು. ಇಳಿದೆ.

ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆವು. ಅವಳು ಪಾನಕದ ಬಾಟಲಿ ಕೊಟ್ಟು, ನನ್ನ ಮಣಿಕಟ್ಟಿಗೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತಾ ಎಣಿಸಿದಳು. ಎಷ್ಟು ಎಂದು ಹೇಳಲಿಲ್ಲ. ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಕೆಳಗೆ, ಹೊಳೆ ಇರುವ ಕಡೆ ಮಾತ್ರ ಮರಗಳು ಹಸಿರಾಗಿದ್ದವು, ಉಳಿದದ್ದೆಲ್ಲ ಬೂದು. ಆಮೇಲೆ ಅವಳು ಮತ್ತೆ ಬೆರಳಿಟ್ಟು ಎಣಿಸಿ, "ಈಗ ಹೇಳಿ" ಎಂದಳು. ಹದಿನೇಳರ ಮಗ್ಗಿಯನ್ನು ಒಂದರಿಂದ ಹತ್ತರವರೆಗೆ ಹೇಳಿದೆ. ನಿಲ್ಲದೆ ಹನ್ನೊಂದನ್ನೂ ಹೇಳಿದೆ.

"ಹತ್ತಕ್ಕೇ ಸಾಕಿತ್ತು" ಎಂದಳು. ಆದರೆ ನಕ್ಕಳು.

ಏರಿನಲ್ಲಿ ನೇರವಾಗಿ ಹೊರಡಲು ಆಗುವುದಿಲ್ಲ. ಸೈಕಲನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಅಡ್ಡಡ್ಡ ಎರಡು ಸುತ್ತು ತುಳಿದು, ವೇಗ ಸಿಕ್ಕ ಮೇಲೆ ಮೇಲಕ್ಕೆ ತಿರುಗಿಸಬೇಕು. ಎದುರಿನಿಂದ ಗಾಡಿ ಇಲ್ಲವೆಂದು ಪುಟ್ಟಿ ನೋಡಿ ಹೇಳಿದಳು, ಹಾಗೇ ಹೊರಟೆ. ಬಿಳಿ ಬಂಡೆ ದಾಟಿತು. ಜಲ್ಲಿ ಮುಗಿದು ಮತ್ತೆ ಡಾಂಬರು ಸಿಕ್ಕಾಗ ಟೈರಿನ ಸದ್ದೇ ಬದಲಾಗಿ, ಯಾರೋ ಬೆನ್ನ ಮೇಲಿನ ಮೂಟೆ ಇಳಿಸಿದಂತಾಯಿತು. ಮುಂದೆ ಇನ್ನೊಂದು ಸಲ ಇಳಿಸಿದಳು, ಒಂಬತ್ತನೇ ಸಾಲಿನಲ್ಲಿ. ಆಗ ನಾನೂ ತಕರಾರು ತೆಗೆಯಲಿಲ್ಲ.

ಘಾಟಿಯ ತಲೆಯಲ್ಲಿ, ಹುಣಸೆ ಮರದಡಿ ಕಾರು ನಿಂತಿತ್ತು. ಮಗ ಹೊರಗೆ ನಿಂತು ಕಾಯುತ್ತಿದ್ದ. ನನ್ನನ್ನು ಕೇಳಲಿಲ್ಲ, ಮಗಳನ್ನು ಕೇಳಿದ: "ಎಷ್ಟು ಸಲ ಇಳಿದ್ರು?"

"ಎರಡು ಸಲ. ಹೇಳಿದ ತಕ್ಷಣ ಇಳಿದ್ರು" ಎಂದಳು. ಮೊದಲನೇ ಸಲದ್ದನ್ನು ಅವಳು ಅಪ್ಪನಿಗೆ ಹೇಳಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಮೊಸರನ್ನ ಮುಗಿಸುವಷ್ಟರಲ್ಲಿ ಮಗ ಜಲ್ಲಿ ಸೈಕಲ್‌ನ ಸುತ್ತ ಎರಡು ಸಲ ತಿರುಗಿದ್ದ. ಆಮೇಲೆ, "ಒಂದು ರೌಂಡು ನೋಡ್ತೀನಪ್ಪ" ಎಂದು ಹತ್ತಿ ಇಳಿಜಾರಿನಲ್ಲಿ ಹೊರಟೇಬಿಟ್ಟ. ಹೋದದ್ದು ಇನ್ನೂರು ಮೀಟರ್ ಇರಬಹುದು. ಅವನಿಗೆ 44 ವರ್ಷ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಗೇರು ಹೇಗೆ ಇಳಿಸುವುದೆಂದು ಕೇಳದೆ ಹೋಗಿದ್ದರಿಂದ, ಬರುವಾಗ ಭಾರದ ಗೇರಿನಲ್ಲೇ ತುಳಿಯುತ್ತಾ, ಕೊನೆಯ ಭಾಗದಲ್ಲಿ ಹಾವಿನಂತೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತಾ, ಕೆಂಪಗಾಗಿ ಬಂದು ಹುಣಸೆ ಮರಕ್ಕೆ ಒರಗಿ ನಿಂತ.

ಪುಟ್ಟಿ ಊಟದ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ಎದ್ದು ಅವನ ಮುಂದೆ ಹೋಗಿ ನಿಂತಳು.

"ಅಪ್ಪ, ಹದಿನೇಳರ ಮಗ್ಗಿ ಹೇಳು."

ಮಗ ಏದುಸಿರು ಬಿಡುತ್ತಾ ಹದಿನೇಳ್ಮೂರ್ಲಿಯವರೆಗೆ ಹೋಗಿ ನಿಂತ. ಉಸಿರು ಸಾಲದ್ದಕ್ಕೋ, ಮಗ್ಗಿ ಬಾರದ್ದಕ್ಕೋ, ಆ ಗುಟ್ಟನ್ನು ಅವನು ಇವತ್ತಿನವರೆಗೂ ಬಿಟ್ಟುಕೊಟ್ಟಿಲ್ಲ.